ಹೆಸರಿನ್ಯಾಗ ಕೋಳಿ ಐತಿ ಅಂತ ಬಾತು ಕೋಳಿ ಆಗಂಗಿಲ್ಲ

ಹೋದ ವಾರ ನಮ್ಮ ಓಣಿ ತುದಿ ಮನಿ ಸೊಸಿ ಬಂದಿದ್ದಳು. ಹೊಸದಾಗಿ ಮನಿ ಕಟ್ಟ್ಯಾರ, ಹಿಂದ ಒಂದಿಷ್ಟು ಹಿತ್ತಲ ಉಳದೈತಿ. ಆರು ಜವಾರಿ ಕೋಳಿ ಸಾಕ್ಯಾಳ. "ಕಾಕು, ನಾಕು ಬಾತುಕೋಳಿನೂ ತಂದು ಅದ ಗೂಡಿನ್ಯಾಗ ಬಿಟ್ರ ನಡಿತೈತಲ್ರಿ? ಕೋಳಿ ಸಾಕಿದೋರಿಗೆ ಬಾತು ಏನ್ ದೊಡ್ಡ ಮಾತು?" ಅಂದಳು. ಚಾ ಕೊಟ್ಟು ಕುಂದರಿಸಿ ಒಂದ ತಾಸು ಹೇಳಿದೆ. ಆಕಿ ಹೋದ ಮ್ಯಾಲ ಇದನ್ನ ಬರದ ಇಡಬೇಕು ಅನಿಸ್ತು. ಯಾಕಂದ್ರ ಆಕಿ ಕೇಳಿದ ಮಾತನ್ನ ಏಳು ವರ್ಷದ ಹಿಂದ ನಾನೂ ಕೇಳಿದ್ದೆ. ಆಗ ಎಲ್ಲಾರೂ "ಏನೂ ಆಗಂಗಿಲ್ಲ, ಬಿಡ್ರಿ" ಅಂದಿದ್ರು. ಆ ಮಾತು ಕೇಳಿ ನಾನು ಕಳಕೊಂಡಿದ್ದು ನಾಕು ಕೋಳಿ, ಆರು ಬಾತಿನ ಮರಿ.

ನನ್ನ ಮಾತು ಇಷ್ಟ ನೋಡ್ರಿ: ಬಾತು ಕೋಳಿ ಅಲ್ಲ. ನಮ್ಮ ಭಾಷಾದಾಗ ರೆಕ್ಕಿ ಇದ್ದು ನೆಲದ ಮ್ಯಾಲ ಓಡಾಡೋದಕ್ಕೆಲ್ಲ ಕೋಳಿ ಅಂದುಬಿಡ್ತೀವಿ. ಟರ್ಕಿ ಕೋಳಿ, ಗಿನಿ ಕೋಳಿ, ನೀರುಕೋಳಿ, ಬಾತುಕೋಳಿ. ನಮ್ಮ ಓಣ್ಯಾಗ ಉರ್ದು ಮಾತಾಡೋರು ಬತಖ್ ಅಂತಾರ, ಮರಾಠಿ ಮನಿಯವರು ಬದಕ ಅಂತಾರ. ಅವರ ಹೆಸರಿನ್ಯಾಗ ಕೋಳಿ ಇಲ್ಲ. ನಮಗ ಮಾತ್ರ ಹೆಸರ ಮೋಸ ಮಾಡೈತಿ. ಕೋಳಿ ಅಂದ ಕೂಡಲೇ ಕೋಳಿ ಗೂಡು, ಕೋಳಿ ಕಾಳು, ಕೋಳಿ ಔಷಧಿ ಎಲ್ಲಾ ಇದಕ್ಕೂ ನಡಿತೈತಿ ಅಂತ ತಿಳೀತೀವಿ. ನಾನಂತೂ ಹಂಗ ತಿಳದಿದ್ದೆ.

ನಮ್ಮ ತಂಗಿ ಗಂಡನ ಊರು ಗಂಗಾವತಿ ಕಡೆ. ಅಲ್ಲಿ ತುಂಗಭದ್ರಾ ಕಾಲುವಿ ನೀರು, ಎತ್ತ ನೋಡಿದ್ರೂ ಭತ್ತದ ಗದ್ದಿ. ಕೊಯ್ಲು ಮುಗದ ಮ್ಯಾಲ ಬಾತು ಕಾಯೋರು ಹಿಂಡುಗಟ್ಲೆ ಬಾತು ಹೊಡ್ಕೊಂಡು ಬಂದು ಗದ್ಯಾಗ ಬಿಟ್ಟಿರ್ತಾರ. ಉದುರಿದ ಭತ್ತ, ಬಸವನಹುಳ, ಎರಿಹುಳ ಏನು ಸಿಗ್ತೈತೋ ಅದನ್ನ ತಿಂದು ಹೊಟ್ಟಿ ತುಂಬಿಸ್ಕೊಳ್ತಾವ. ಅದನ್ನ ನೋಡಿ ನನಗ ಆಸೆ ಹುಟ್ಟಿತು. ಐದು ಬಾತು ತಗೊಂಡು, ರಟ್ಟಿನ ಡಬ್ಬಿಗೆ ತೂತು ಹಾಕಿ, ನವನಗರದ ನಮ್ಮ ಮನಿಗೆ ತಂದೆ. ನಮ್ಮ ಅತ್ತಿ ಆಗಿನ್ನೂ ಇದ್ರು. ಡಬ್ಬಿ ತಗದು ನೋಡಿ, "ಕುಡಿಯಾಕ ನೀರಿಲ್ಲ, ಇವಕ್ಕ ಈಜಾಕ ಎಲ್ಲಿಂದ ತರ್ತಿ?" ಅಂದ್ರು. ಅತ್ತಿಯವರ ಮಾತಿಗೆ ಆಮ್ಯಾಲ ಬರ್ತೀನಿ, ಮೊದಲ ಗೂಡಿನ ಮಾತು.

ನಮ್ಮ ಕೋಳಿ ಗೂಡಿನ್ಯಾಗ ಮ್ಯಾಲ ಎರಡು ಬಿದಿರಿನ ಗಳ, ಕೆಳಗ ಭತ್ತದ ಹೊಟ್ಟು. ಕೋಳಿ ಸಂಜಿಗೆ ಹಾರಿ ಗಳದ ಮ್ಯಾಲ ಕುಂದರ್ತಾವ. ಬಾತಿಗೆ ಗಳ ಗೊತ್ತಿಲ್ಲ, ಅವು ನೆಲದ ಮ್ಯಾಲ ಮಲಗೂ ಜಾತಿ. ಅಂದ್ರ ಏನಾತು? ರಾತ್ರಿಯೆಲ್ಲಾ ಕೋಳಿ ಹಿಕ್ಕಿ ಬಾತಿನ ಬೆನ್ನ ಮ್ಯಾಲ. ಬಾತು ಸುಮ್ನ ಇರ್ತಾವನು? ಕೋಳಿಗೆ ಕತ್ತಲಾದ ಮ್ಯಾಲ ಕಣ್ಣು ಕಾಣಂಗಿಲ್ಲ, ಗಪ್ಪನ ಕುಂದರ್ತಾವ. ಬಾತು ಕತ್ತಲದಾಗನೂ ಓಡಾಡ್ತಾವ, ನೀರಿನ ಬೋಗಾಣಿಗೆ ಮೂತಿ ಹಾಕಿ ಸುತ್ತಲೂ ಚಿಮ್ಮಿಸ್ತಾವ. ಬೆಳಿಗ್ಗೆ ಬಾಗಲಾ ತಗದ್ರ ಹೊಟ್ಟೆಲ್ಲಾ ರಾಡಿ. ಒಂದ ವಾರದಾಗ ಮೂಗು ಮುಚ್ಕೊಂಡು ಹೋಗೂ ಹಂಗಾತು. ನಾನು ಹೊಸಾ ಹೊಟ್ಟು ಹಾಕೋದು, ಅವು ಮರುದಿನ ಅದನ್ನ ಹಸಿ ಮಾಡೋದು.

ಮೂರನೇ ವಾರಕ್ಕ ಕೋಳಿ ಹಿಕ್ಕ್ಯಾಗ ರಕ್ತ ಕಾಣ್ತು. ಮೊದಲ ಒಂದು ಯಾಟಿ ರೆಕ್ಕಿ ಇಳೇ ಬಿಟ್ಟು ಮೂಲ್ಯಾಗ ನಿಂತಿತು, ಮರುದಿನ ಸತ್ತಿತು. ಮತ್ತೊಂದು, ಮತ್ತೊಂದು. ಬಾತಿಗೆ ಏನೂ ಇಲ್ಲ, ಚೆಂದಾಗಿ ತಿರಗಾಡ್ತಿದ್ವು. ದನದ ದವಾಖಾನಿಗೆ ಓಡಿದೆ. ಡಾಕ್ಟ್ರು ಗೂಡು ಹೆಂಗೈತಿ ಅಂತ ಕೇಳಿ, ಇದು ಕಾಕ್ಸಿಡಿಯಾ, ರಕ್ತಭೇದಿ, ಒದ್ದಿ ಹೊಟ್ಟಿನ್ಯಾಗ ಬೆಳೀತೈತಿ ಅಂದ್ರು. ಕೋಳಿಗೆ ಬರೂ ಕಾಕ್ಸಿಡಿಯಾ ಬಾತಿಗೆ ಹತ್ತಂಗಿಲ್ಲ. ಬಾತು ಬರೇ ನೀರು ಚೆಲ್ಲಿ ಆ ರೋಗಕ್ಕ ಹಾಸಿಗಿ ಹಾಸಿ ಕೊಟ್ಟಿದ್ವು. ನೀರಾಗ ಹಾಕೂ ಔಷಧಿ ಕೊಟ್ರು, ಅಷ್ಟರಾಗ ನಾಕು ಹೋಗಿದ್ವು. ಅದರಾಗ ಒಂದು, ನಾನು ಮರಿ ಇದ್ದಾಗಿಂದ ಸಾಕಿದ ಕರಿ ಕೋಳಿ, ವರ್ಷಕ್ಕ ಎರಡ ಸಲ ಕಾವಿಗೆ ಕುಂದರೂವಂಥಾದ್ದು.

ಅವತ್ತಿನಿಂದ ನಮ್ಮಲ್ಲಿ ಹಗಲ ಒಂದ ಹಿತ್ತಲ, ರಾತ್ರಿ ಎರಡು ಮನಿ. ಬಾತಿಗೆ ಬ್ಯಾರೆ ಗೂಡು ಅಂದ್ರ ಅರಮನಿ ಕಟ್ಟಬೇಕಾಗಿಲ್ಲ. ಕಾಂಪೌಂಡ್ ಗ್ವಾಡಿಗೆ ಹೊಂದಿಸಿ ಆರು ಫೂಟು ಉದ್ದ, ನಾಕು ಫೂಟು ಅಗಲ, ಮ್ಯಾಲ ಹಳೇ ಪತ್ರಾಸ, ಮುಂದ ಜಾಲರಿ ಬಾಗಲಾ. ಕೆಳಗ ಫರಸಿ, ಅದರ ಮ್ಯಾಲ ಒಣ ಉಸುಕು, ಕಣಕಿ. ಹೊಸ್ತಿಲ ಎತ್ತರ ಇಡಬ್ಯಾಡ್ರಿ, ಬಾತಿಗೆ ಹತ್ತಾಕ ಬರಂಗಿಲ್ಲ. ರಾತ್ರಿ ಅದರೊಳಗ ತಿನ್ನಾಕೂ ಇಡಂಗಿಲ್ಲ, ನೀರೂ ಇಡಂಗಿಲ್ಲ. ತಿನ್ನಾಕ ಇಟ್ರ ನೀರು ಇಡಲೇಬೇಕು, ಇಲ್ಲಂದ್ರ ಒಣ ಹಿಟ್ಟು ಗಂಟಲಾಗ ಸಿಕ್ಕೊಂಡು ಒದ್ದಾಡ್ತಾವ. ಎರಡೂ ಇಲ್ಲದಿದ್ರ ದೊಡ್ಡ ಬಾತಿಗೆ ರಾತ್ರಿ ಕಳಿಯೋದು ಕಷ್ಟ ಅಲ್ಲ. ಚಿಲಕ ಗಟ್ಟಿ ಇರ್ಲಿ, ಮುಂಗಸಿ ಕೋಳಿಗಿಂತ ಬಾತನ್ನ ಸರಳ ಹಿಡಿತೈತಿ, ಹಾರಂಗಿಲ್ಲಲ್ಲ ಅವು.

ಇನ್ನ ಶೇಂಗಾ ಹಿಂಡಿ ಮಾತು. ಇದನ್ನ ಬರಿಯಾಕ ನನಗ ಇವತ್ತಿಗೂ ಕೈ ಹಿಂಜರಿತೈತಿ, ಯಾಕಂದ್ರ ತಪ್ಪು ಪೂರಾ ನಂದು.

ಎರಡನೇ ವರ್ಷ ಬಾತಿನ ತತ್ತಿ ಕೋಳಿ ಕೆಳಗ ಇಟ್ಟು ಒಂಬತ್ತು ಮರಿ ಮಾಡ್ಸಿದ್ದೆ. ಹಳದಿ ಹತ್ತಿ ಉಂಡಿ ಹಂಗ ಇದ್ವು. ಶ್ರಾವಣದ ಮಳಿ ಹಿಡಕೊಂಡಿತ್ತು. ಕೋಳಿಗೆ ಅಂತ ತಂದ ಶೇಂಗಾ ಹಿಂಡಿ ಅರ್ಧ ಚೀಲ ಹಿಂದಿನ ಖೋಲ್ಯಾಗ ಗ್ವಾಡಿಗೆ ಆನಿಸಿ ಇಟ್ಟಿತ್ತು. ಗ್ವಾಡಿ ತಂಪು ಹತ್ತಿ ಕೆಳಗಿನ ಹಿಂಡಿಗೆ ಬೂಸ್ಟು ಬಂದಿತ್ತು, ಅಲ್ಲಲ್ಲಿ ಹಸರು ಪುಡಿ ಹಂಗ. ನಾನು ಏನ್ ಮಾಡಿದೆ? ಬೂಸ್ಟು ಬಂದಿದ್ದನ್ನ ಮುರದು ಒಗದು, ಉಳದಿದ್ದನ್ನ ನೆನಸಿ ನುಚ್ಚಿನ ಜೋಡಿ ಕಲಸಿ ಎಲ್ಲಾದಕ್ಕೂ ಹಾಕಿದೆ. ದುಡ್ಡು ಕೊಟ್ಟು ತಂದಿದ್ದು, ಕೆಡಸೂದ್ ಹೆಂಗ ಅಂತ. ಕೋಳಿ ತಿಂದ್ವು, ಏನೂ ಆಗಲಿಲ್ಲ. ಬಾತಿನ ಮರಿ ನಾಕನೇ ದಿನಕ್ಕ ತಿನ್ನೋದು ಬಿಟ್ವು. ನಡಿಯಾಕ ಹೋದ್ರ ವಾಲ್ಯಾಡಾಕ ಹತ್ತಿದ್ವು. ಕುತ್ತಿಗಿ ಹಿಂದಕ್ಕ ಬಿಲ್ಲಿನಂಗ ಬಾಗಿ ಒಂದೊಂದ ಸತ್ವು. ಹತ್ತ ದಿನದಾಗ ಒಂಬತ್ತರಾಗ ಮೂರು ಉಳದ್ವು.

ಓಣ್ಯಾಗಿನವರು ದೃಷ್ಟಿ ಆಗೈತಿ ಅಂದ್ರು. ನಾನೂ ಒಂದ ದಿನ ಉಪ್ಪು ಮೆಣಸಿನಕಾಯಿ ಇಳಿಸಿದೆ, ಸುಳ್ಳ ಯಾಕ ಹೇಳ್ಲಿ. ಕೊನೀಗೆ ಸತ್ತಿದ್ದೊಂದನ್ನ ಕೈಚೀಲದಾಗ ಹಾಕ್ಕೊಂಡು ಅದ ಡಾಕ್ಟ್ರ ಕಡೆ ಹೋದೆ. ಅವರು ಕೊಯ್ದು ನೋಡಿ, ಲಿವರ್ ಬಣ್ಣಗೆಟ್ಟಿದ್ದನ್ನ ತೋರಿಸಿ, ಮೊದಲ ಕೇಳಿದ ಪ್ರಶ್ನಿನ "ಶೇಂಗಾ ಹಿಂಡಿ ಹಾಕೀರೇನು?" ಅಂತ.

ಆಮ್ಯಾಲ ಅವರ ಹೇಳಿದ ಕಥಿ ನನಗ ಮರೀಲಿಲ್ಲ. 1960ರಾಗ ಇಂಗ್ಲೆಂಡಿನ್ಯಾಗ ಒಂದು ಲಕ್ಷದಷ್ಟು ಟರ್ಕಿ ಮರಿ ಕಾರಣ ಗೊತ್ತಿಲ್ಲದ ಸತ್ವಂತ. ಬಾತಿನ ಮರಿನೂ ಸತ್ವು. ಏನು ರೋಗ ಅಂತ ತಿಳೀದ ಅದಕ್ಕ 'ಟರ್ಕಿ ಎಕ್ಸ್ ರೋಗ' ಅಂತ ಹೆಸರಿಟ್ರು. ಹುಡುಕಿ ನೋಡಿದ್ರ ಅದು ರೋಗನ ಅಲ್ಲ, ಬ್ರೆಜಿಲ್ ದೇಶದಿಂದ ತರಿಸಿದ ಶೇಂಗಾ ಹಿಂಡಿ. ಆ ಹಿಂಡ್ಯಾಗ ಬೆಳದ ಆಸ್ಪರ್ಜಿಲಸ್ ಫ್ಲೇವಸ್ ಅನ್ನೂ ಬೂಸ್ಟು ವಿಷ ಬಿಟ್ಟಿತ್ತು. ಆ ಬೂಸ್ಟಿನ ಹೆಸರಿನ ತುಣುಕ ಜೋಡಿಸೇ ವಿಷಕ್ಕ ಅಫ್ಲಾಟಾಕ್ಸಿನ್ ಅಂತ ಹೆಸರು ಬಂತು. ಈ ವಿಷ ಕೋಳಿಗಿಂತ ಬಾತಿಗೆ ಭಾಳ ಜಲ್ದಿ ಹತ್ತತೈತಿ. ಎಷ್ಟು ಜಲ್ದಿ ಅಂದ್ರ, ಮೊದಮೊದಲ ಲ್ಯಾಬಿನ್ಯಾಗ ಈ ವಿಷ ಐತೋ ಇಲ್ಲೋ ನೋಡಾಕ ಬಾತಿನ ಮರಿಗೇ ತಿನ್ನಿಸಿ ನೋಡ್ತಿದ್ರಂತ.

ಮುರದು ಒಗದಿದ್ದಕ್ಕ ಉಪಯೋಗ ಇಲ್ಲ, ಕಣ್ಣಿಗೆ ಕಾಣದ ಒಳಗೂ ವಿಷ ಇರ್ತೈತಿ. ಬಿಸಲಿಗೆ ಹಾಕಿದ್ರ ಹೋಗಂಗಿಲ್ಲ, ಕುದಿಸಿದ್ರೂ ಹೋಗಂಗಿಲ್ಲ. ಎಮ್ಮಿಗೆ ಅಂಥಾ ಹಿಂಡಿ ಹಾಕಿದ್ರ ಹಾಲಿನ್ಯಾಗ ಬರ್ತೈತಿ, ಅದನ್ನ ನಾವ ಕುಡೀತೀವಿ. ನಮ್ಮ ಕಡೆ ಶೇಂಗಾ ಅಂದ್ರ ಜೀವ. ರೊಟ್ಟಿಗೆ ಶೇಂಗಾ ಚಟ್ನಿ, ಹಬ್ಬಕ್ಕ ಶೇಂಗಾ ಹೋಳಿಗಿ, ದನಕ್ಕ ಹಿಂಡಿ. ಅದ ಶೇಂಗಾ ನನ್ನ ಮರಿ ತಿಂದು ಹಾಕಿತು ಅಂದ್ರ ನಂಬಾಕ ಒಂದ ತಿಂಗಳು ಹಿಡೀತು.

ಹಂಗಂತ ಬಾತಿಗೆ ಶೇಂಗಾನ ಬ್ಯಾಡ ಅನ್ನಂಗಿಲ್ಲ. ಬರೇ ಗೋವಿನಜೋಳದ ನುಚ್ಚು ಹಾಕಿ ಬೆಳಸಿದ ಬಾತಿನ ಮರಿ ಕಾಲು ಸೊಟ್ಟಾಗ್ತಾವ. ನಿಯಾಸಿನ್ ಅನ್ನೂ ಬಿ ಜೀವಸತ್ವ ಕೋಳಿ ಮರಿಗಿಂತ ಬಾತಿನ ಮರಿಗೆ ಹೆಚ್ಚು ಬೇಕು, ಆ ನಿಯಾಸಿನ್ ಶೇಂಗಾದಾಗ ಛಲೋ ಐತಿ. ನಾನು ಈಗ ಚಟ್ನಿಗೆ ಹೆಂಗ ಆರಸ್ತೀನೋ ಹಂಗ ಆರಿಸಿದ ಶೇಂಗಾ ಒಂದ ಹಿಡಿ ಕುಟ್ಟಿ ತೌಡಿನ ಜೋಡಿ ಹಸಿ ಮಾಡಿ ಹಾಕ್ತೀನಿ. ಮನಿ ಮಂದಿ ತಿನ್ನದ ಶೇಂಗಾ ಬಾತಿಗೂ ಇಲ್ಲ. ಮಳಿಗಾಲದಾಗ ಹಿಂಡಿ ಚೀಲ ಮನಿಗೆ ತರೋದ ಬಿಟ್ಟೀನಿ. "ನಮ್ಮ ಕೋಳಿ ತಿಂದ್ವು, ಏನೂ ಆಗಲಿಲ್ಲ" ಅಂತ ಯಾರರ ಹೇಳಿದ್ರ ಸಿಟ್ಟು ಬರ್ತೈತಿ ನನಗ.

ಈಗ ಅತ್ತಿಯವರ ನೀರಿನ ಮಾತು. ಭಾಳ ಮಂದಿ ಇದನ್ನ ಹೇಳ್ತಾರ: ನಮ್ಮ ಹುಬ್ಬಳ್ಳಿ-ಧಾರವಾಡಕ್ಕ ಬಾತು ಹೊಂದಂಗಿಲ್ಲ, ನೀರಿಲ್ಲ. ನಮ್ಮ ನೀರಿನ ಕಥಿ ನಿಮಗ ಗೊತ್ತ ಐತಿ. ಸವದತ್ತಿ ಕಡೆಯಿಂದ ಮಲಪ್ರಭಾ ನೀರು ಬರಬೇಕು. 2008ರಿಂದ ಕೆಲವು ವಾರ್ಡಿಗೆ 24 ತಾಸೂ ನಳಾ ಬಂತು, ಉಳದವರು ನಳಾ ಯಾವಾಗ ಬರ್ತೈತಿ ಅಂತ ದಿನಾ ಎಣಸ್ಕೋತ ಕುಂತ್ವಿ. ಐದು ದಿನಕ್ಕೊಮ್ಮೆ, ಬ್ಯಾಸಗ್ಯಾಗ ಎಂಟು ದಿನಕ್ಕೊಮ್ಮೆ ನಳಾ ಬಂದಿದ್ದೂ ನೋಡೀವಿ. ಆದ್ರೂ ಈ ಮಾತನ್ನ ನಾನು ಒಪ್ಪಂಗಿಲ್ಲ. ಸಾಕಿದ ಬಾತಿಗೆ ಕೆರಿ ಬೇಕಾಗಿಲ್ಲ. ಮೂಗಿನ ತೂತು ಮುಳುಗೂವಷ್ಟು, ಅಂದ್ರ ಒಂದ ಗೇಣಿನಷ್ಟು ಆಳದ ನೀರು ಬೇಕು. ಮೂತಿ, ಕಣ್ಣು ತೊಳಕೊಳ್ಳಾಕ ಸಿಗದಿದ್ರ ಕಣ್ಣು ಮೆತ್ತಿಕೊಂಡು ಕೆಡ್ತಾವ. ನಮ್ಮಲ್ಲಿ ಒಂದು ಸಿಮೆಂಟಿನ ಟಬ್ ಐತಿ, ಎರಡು ಕೊಡಾ ಹಿಡಿತೈತಿ. ಅಕ್ಕಿ, ಬ್ಯಾಳಿ, ಕಾಯಿಪಲ್ಲೆ ತೊಳದ ನೀರು ಅದಕ್ಕ ಹೋಗ್ತೈತಿ, ಸಾಬೂನಿನ ನೀರು ಮಾತ್ರ ಇಲ್ಲ. ಸಂಜಿಗೆ ಆ ಹೊಲಸು ನೀರನ್ನ ಬಾಳಿ, ಪಪ್ಪಾಯಿ, ಕರಿಬೇವಿನ ಬುಡಕ್ಕ ಸುರೀತೀನಿ. ಬಾತು ಬಂದ ಮ್ಯಾಲ ನಮ್ಮನಿ ನೀರಿನ ಖರ್ಚು ಹೆಚ್ಚಾಗಿಲ್ಲ, ಗಿಡಕ್ಕ ಬ್ಯಾರೆ ನೀರು ಹಾಕೋದು ತಪ್ಪೈತಿ. ಕರಿಬೇವು ನೋಡಿದವರು ಏನ್ ಗೊಬ್ಬರ ಹಾಕ್ತೀರಿ ಅಂತ ಕೇಳ್ತಾರ.

ಟಬ್ ಎಲ್ಲಿ ಇಡ್ತೀರಿ ಅನ್ನೋದು ಮಾತ್ರ ನೋಡಬೇಕು. ಎರಿ ಮಣ್ಣಿನ ಮ್ಯಾಲ ಇಟ್ರ ಎರಡ ದಿನಕ್ಕ ಅಲ್ಲಿ ಎಮ್ಮಿ ಹೊರಳ್ಯಾಡಿದಂಗ ಆಗ್ತೈತಿ, ಕೋಳಿ ಕಾಲಿಗೆ ಅದ ರಾಡಿ. ಕೆಳಗ ಖಡಿ ಹಾಸಿ, ಕೋಳಿ ಕಾಳು ಕೆದರೂ ಜಾಗಾದಿಂದ ದೂರ ಇಡ್ರಿ. ಕೋಳಿಗೆ ಕುಡಿಯೂ ನೀರು ಇಟ್ಟಿಗಿ ಮ್ಯಾಲ ಎತ್ತರದಾಗ ಬ್ಯಾರೆ ಇರ್ಲಿ. ಬಾತು ಮುಟ್ಟಿದ ನೀರು ನೀರಾಗಿ ಉಳಿಯಂಗಿಲ್ಲ.

ಉಣಕಲ್ ಕೆರಿಗೋ ಕೆಲಗೇರಿಗೋ ಒಯ್ದು ಈಜಾಡಸ್ತೀವಿ ಅನ್ನೋರು ಅದಾರ. ಬ್ಯಾಡ್ರಿ. ಚಳಿಗಾಲದಾಗ ದೂರದೇಶದ ಹಕ್ಕಿ ನಮ್ಮ ಕಡೆ ಬರ್ತಾವ. ಗದಗ ಜಿಲ್ಲಾ ಮಾಗಡಿ ಕೆರಿಗೆ ಪಟ್ಟೆತಲೆ ಹೆಬ್ಬಾತು ಹಿಂಡುಗಟ್ಲೆ ಬಂದು ಇಳೀತಾವ, 2024ರಾಗ ಆ ಕೆರಿ ರಾಮ್ಸಾರ್ ಪಟ್ಟಿಗೂ ಸೇರ್ತು. ನೋಡಾಕ ಹೋಗ್ರಿ, ಮಕ್ಕಳನ್ನ ಕರಕೊಂಡು ಹೋಗ್ರಿ, ಬಾತನ್ನ ಬಿಟ್ಟು ಹೋಗ್ರಿ. ಹಕ್ಕಿಜ್ವರದ ವೈರಸ್ಸಿಗೆ ಕಾಡು ಬಾತುಗಳ ತವರುಮನಿ. ಬಾತಿನ ಮೈಯಾಗ ಅದು ಏನೂ ತೋರಸದ ಇರಬಹುದು, ಕೋಳಿಗೆ ಬಂದ್ರ ಗೂಡ ಖಾಲಿ. 2014ರ ನವೆಂಬರದಾಗ ಕೇರಳದ ಕುಟ್ಟನಾಡಿನ್ಯಾಗ ಬಾತಿಗೇ ಹಕ್ಕಿಜ್ವರ ಬಂದು ಸಾಕಿದವರ ಹಿಂಡಿಗೆ ಹಿಂಡ ಕೊಲ್ಲಬೇಕಾತು. ಅದಕ್ಕೂ ಮೊದಲ, 2012ರ ಅಕ್ಟೋಬರದಾಗ, ನಮ್ಮ ರಾಜ್ಯದ ಹೆಸರಘಟ್ಟದಾಗ ಕೇಂದ್ರ ಸರ್ಕಾರದ ಕೋಳಿ ಸಾಕಣಿ ಸಂಸ್ಥೆಯೊಳಗ ಟರ್ಕಿಗೆ ಈ ರೋಗ ಬಂದು ಅಲ್ಲಿಯ ಹಕ್ಕಿಗಳನ್ನೆಲ್ಲಾ ಕೊಲ್ಲಬೇಕಾತು. ಶಾಣ್ಯಾ ಮಂದಿ, ಬೇಲಿ, ಡಾಕ್ಟ್ರು ಎಲ್ಲಾ ಇದ್ದಲ್ಲಿ ಹಂಗಾತು. ನಮ್ಮ ಹಿತ್ತಲದಾಗ ಏನೈತಿ? ಒಂದು ಜಾಲರಿ. ಸತ್ತ ಹಕ್ಕಿ ಒಂದಕ್ಕಿಂತ ಹೆಚ್ಚು ಒಮ್ಮೆಲೇ ಕಂಡ್ರ ಮುಚ್ಚಿಡಬ್ಯಾಡ್ರಿ, ದನದ ದವಾಖಾನಿಗೆ ಹೇಳ್ರಿ. ಕೊಕ್ಕರೆ ರೋಗದ ಲಸಿಕಿ ಕೋಳಿಗೆ ಹಾಕಸ್ತೀವಲ್ಲ, ಬಾತಿಗೆ ಪ್ಲೇಗಿನ ಲಸಿಕಿ ಬ್ಯಾರೆ ಐತಿ. ಅಲ್ಲೂ ಒಂದರ ಔಷಧಿ ಇನ್ನೊಂದಕ್ಕ ನಡಿಯಂಗಿಲ್ಲ.

ಹೆಣ್ಮಕ್ಕಳು ಬಾಯಿಬಿಟ್ಟು ಕೇಳದ ಮಾತೊಂದೈತಿ, ನಾನ ಹೇಳಿಬಿಡ್ತೀನಿ. ನಾನು ತಂದ ಐದರಾಗ ಎರಡು ಗಂಡಿದ್ವು. ಬಾಲದ ಮ್ಯಾಲ ಸುರುಳಿ ಪುಕ್ಕ ಇದ್ದಿದ್ದು ಗಂಡು, ದನಿ ಗೊಗ್ಗರು. ಜೋರಾಗಿ ಕ್ವಾಕ್ ಅಂತ ಓಣಿ ಎಬ್ಬಿಸೋದು ಹೆಣ್ಣು. ಐದಾರು ಹೆಣ್ಣಿಗೆ ಒಂದು ಗಂಡು ಸಾಕು. ಮೂರು ಹೆಣ್ಣಿಗೆ ಎರಡು ಗಂಡಾದ್ರ ಅವು ಕೋಳಿ ಬೆನ್ನು ಹತ್ತಾವ. ಹುಂಜದ ಮೈ ಕಟ್ಟು ಬ್ಯಾರೆ, ಗಂಡು ಬಾತಿಂದು ಬ್ಯಾರೆ, ಕೋಳಿಗೆ ಒಳಗ ಗಾಯ ಆಗಿ ಸಾಯ್ತಾವ. ನಮ್ಮ ಒಂದು ಗಿರಿರಾಜ ಕೋಳಿ ಕುತ್ತಿಗಿ ಪುಕ್ಕ ಪೂರಾ ಕಿತ್ತು ಹೋಗಿತ್ತು. ಒಂದು ಗಂಡನ್ನ ತಂಗಿ ಮನಿಗೆ ವಾಪಸ್ ಕಳಿಸಿದೆ, ಹಿತ್ತಲ ಶಾಂತ ಆತು.

ಇಷ್ಟೆಲ್ಲಾ ಇದ್ದೂ ಯಾಕ ಸಾಕ್ತೀರಿ ಅಂದ್ರ, ಸಾಕಬೇಕು ಅಂತ ಹೇಳಾಕ ನಾನು ಇದನ್ನ ಬರ್ಯಾಕತ್ತೀನಿ. ಕೋಳಿ ಕಾಯಿಪಲ್ಲೆ ಮಡಿ ಕೆದರಿ ಹಾಳ ಮಾಡ್ತಾವ, ಬಾತು ಕೆದರಂಗಿಲ್ಲ. ಮಳಿಗಾಲದಾಗ ಬಸವನಹುಳ ನಮ್ಮ ಪಾಲಕ, ಮೆಂತೆ ಉಳಸ್ತಿದ್ದಿಲ್ಲ. ಈಗ ಸಂಜಿಗೆ ಅರ್ಧ ತಾಸು ಬಾತು ಬಿಟ್ರ ಬುಡಬುಡಕ್ಕ ಮೂತಿ ಹಾಕಿ ಹುಡುಕಿ ತಿಂತಾವ. ಎಳಿ ಸಸಿ ಇದ್ದಾಗ ಮಾತ್ರ ಬಿಡಬ್ಯಾಡ್ರಿ, ಅಗಲ ಪಾದದಾಗ ತುಳದು ಚಪಾತಿ ಮಾಡ್ತಾವ. ತತ್ತಿನೂ ಹಂಗ. ಜವಾರಿ ಕೋಳಿ ವರ್ಷಕ್ಕ ಅರವತ್ತು, ಎಪ್ಪತ್ತು ಇಟ್ರ ಭಾಳ. ಖಾಕಿ ಕ್ಯಾಂಪ್‌ಬೆಲ್ ಅನ್ನೂ ಬಾತಿನ ತಳಿ ಛಲೋ ತಿನಿಸಿದ್ರ 300ರ ತನಕ ಇಡ್ತೈತಿ. ಈ ತಳಿ ತಗದಾಕಿ ಇಂಗ್ಲೆಂಡಿನ ಅಡೆಲ್ ಕ್ಯಾಂಪ್‌ಬೆಲ್ ಅನ್ನೂ ಒಬ್ಬ ಹೆಣ್ಮಗಳು, ಸುಮಾರು ನೂರಿಪ್ಪತ್ತು ವರ್ಷದ ಹಿಂದ. ಇದನ್ನ ಓದಿದಾಗ ನನಗ ಯಾಕೋ ಖುಷಿ ಆತು. ನಮ್ಮವು ಊರ ಬಾತು, ಅಷ್ಟು ಇಡಂಗಿಲ್ಲ, ಆದ್ರ ಕೋಳಿಗಿಂತ ಹೆಚ್ಚ. ಬಾತು ಇಡೋದು ನಸುಕಿನ್ಯಾಗ. ಒಂಬತ್ತು ಹೊಡಿಯೂ ತನಕ ಗೂಡಿನ ಬಾಗಲಾ ತಗೀಬಾರ್ದು, ತಗದ್ರ ಹಿತ್ತಲದ ತುಂಬ ಎಲ್ಲಿ ಬೇಕಲ್ಲಿ ಇಟ್ಟು ಬರ್ತಾವ, ನೀವು ಹುಡುಕೋತ ಕುಂದರಬೇಕು. ದಮ್ಮಿಗೆ ಔಷಧಿ ಅಂತ ತತ್ತಿ ಕೇಳ್ಕೊಂಡು ಬರೋರು ಅದಾರ. ತತ್ತಿ ಕೊಡ್ತೀನಿ, ಆ ಮಾತು ನಾನು ನಂಬಂಗಿಲ್ಲ, ದಮ್ಮಿಗೆ ಡಾಕ್ಟ್ರ ಕಡೆ ಹೋಗ್ರಿ ಅಂತ ಹೇಳಿ ಕಳಸ್ತೀನಿ. ಅರೆಬೆಂದಿದ್ದು ತಿನ್ನಬ್ಯಾಡ್ರಿ, ಪೂರಾ ಬೇಯಿಸ್ರಿ ಅಂತನೂ ಹೇಳ್ತೀನಿ, ರಾಡ್ಯಾಗ ಇಟ್ಟ ತತ್ತಿ ಅದು.

ಮರಿ ಮಾಡಸೋರಿಗೆ ಒಂದ ಮಾತು. ಬಾತು ಕಾವಿಗೆ ಕುಂದರೋದು ನೆಚ್ಚಿಗಿ ಇಲ್ಲ, ಕೋಳಿನ ಬೇಕು. ಕೋಳಿ ತತ್ತಿ 21 ದಿನಕ್ಕ ಒಡೀತೈತಿ, ಬಾತಿಂದು 28 ದಿನ. ಎರಡೂ ಒಂದ ದಿನ ಇಟ್ರ ಕೋಳಿ ತನ್ನ ಮರಿ ಕರಕೊಂಡು ಎದ್ದು ಹೋಗ್ತೈತಿ, ಬಾತಿನ ತತ್ತಿ ತಂಪಾಗಿ ಹೋಗ್ತಾವ. ಬರೇ ಬಾತಿನ ತತ್ತಿ ಏಳೆಂಟು ಇಡ್ರಿ, ಕೊನೀ ವಾರ ದಿನಾ ಒಂಚೂರು ಉಗುರುಬೆಚ್ಚಗಿನ ನೀರು ಚಿಮುಕಿಸ್ರಿ. ಒಂದ ವಾರ ಹೆಚ್ಚು ಕುಂದರಬೇಕಲ್ಲ, ಕೋಳಿ ಸೊರಗ್ತೈತಿ, ಅದಕ್ಕ ಛಲೋ ಕಾಳು ಹಾಕ್ರಿ.

ಈಗ ನಮ್ಮಲ್ಲಿ ಒಂದು ಕೆಂಪು ಕೋಳಿ ಕುಂತೈತಿ, ಇವತ್ತಿಗೆ 24 ದಿನ. ಓಣಿ ತುದಿ ಮನಿ ಸೊಸಿಗೆ ಅದರಾಗಿನ ನಾಕು ಮರಿ ಕೊಡ್ತೀನಿ ಅಂದೀನಿ. ಆಕಿ ನಿನ್ನೆ ಗಂಡನ್ನ ಕರಕೊಂಡು ಬಂದು ನಮ್ಮ ಬಾತಿನ ಗೂಡಿನ ಅಳತಿ ತಗೊಂಡು ಹೋದಳು. ಪತ್ರಾಸ ಎಲ್ಲಿ ಸಿಗ್ತೈತ್ರಿ ಕಾಕು ಅಂತ ಕೇಳಿದಳು. ನಮ್ಮಲ್ಲಿ ಒಂದು ಹಳೇದು ಬಿದ್ದೈತಿ, ಒಯ್ಯವ್ವ ಅಂದೆ.